ಬೌದ್ಧಿಕ ಅಸಾಮರ್ಥ್ಯವುಳ್ಳವರಲ್ಲಿ ಡಿಮೆನ್ಷಿಯಾ ತಪಾಸಣೆ

ಎಳವೆಯಿಂದಲೇ ಕಲಿಕೆ, ತಿಳಿವಳಿಕೆ ಹಿಂದುಳಿದವರಿಗೆ ವಯಸ್ಸಾಗುತ್ತ ಮರೆಗುಳಿ ರೋಗ (ಡಿಮೆನ್ಷಿಯಾ) ಬಂದಿದೆಯೇ ಎಂದು ಪತ್ತೆಹಚ್ಚುವ ಕ್ರಮ. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದರ ಅಗತ್ಯ ಹೆಚ್ಚು. ಅವರಿಗೆ 21ನೇ ವರ್ಣತಂತುವಿನ ಮೂರು ಪ್ರತಿಗಳಿರುತ್ತವೆ. ಅಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್‌ನ ಮೂಲ ಪ್ರೋಟೀನಿನ ಜೀನ್ ಇರುವುದೂ ಅದರಲ್ಲೇ. ಹೀಗಾಗಿ 40ರ ಹೊತ್ತಿಗೇ ಬಹುತೇಕರ ಮಿದುಳಿನಲ್ಲಿ ಅಲ್ಜೈಮರ್ ಬದಲಾವಣೆ ಕಾಣುತ್ತದೆ. ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಲೆಕ್ಕ ಇವರಿಗೆ ಹೊಂದದು.

1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆ ತಾರೀಖು ಕೇಳುತ್ತದೆ, ವಾಕ್ಯ ಬರೆಸುತ್ತದೆ, ನೂರರಿಂದ ಏಳೇಳು ಕಳೆಯಿಸುತ್ತದೆ. ಎಂದೂ ಲೆಕ್ಕ ಬಾರದವರು ಅದರಲ್ಲಿ ಸೋತರೆ ಗೊತ್ತಾಗುವುದೇನೂ ಇಲ್ಲ. ವಿ. ವಿ. ಕಾಮತರು ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ಬಿನೆ–ಕಾಮತ್ ಪರೀಕ್ಷೆ ಬುದ್ಧಿಮಟ್ಟವನ್ನು ಹೇಳುತ್ತದೆ, ಇಳಿತವನ್ನಲ್ಲ. ಇಲ್ಲಿ ಬೇಕಾದದ್ದು ಇಳಿತ: ಹೋದ ವರ್ಷ ತಾನೇ ಮಾಡುತ್ತಿದ್ದ ಕೆಲಸ ಈ ವರ್ಷ ಬರುತ್ತಿಲ್ಲವೇ? ಅದಕ್ಕೇ 2007ರಲ್ಲಿ ಬ್ರಿಟನ್‌ನಲ್ಲಿ ಪ್ರಕಟವಾದ ಡಿಎಸ್‌ಕ್ಯೂಐಐಡಿ ಎಂಬ ಪ್ರಶ್ನಾವಳಿ ತನ್ನ 53 ಪ್ರಶ್ನೆಗಳನ್ನು ಕೇಳುವುದು ನೋಡಿಕೊಳ್ಳುವವರನ್ನು.

ಇಂಥ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವುದು ಸುಲಭವಲ್ಲ. ಅರಬ್ಬಿಗೆ ತರುವವರಿಗೆ ಬರಹದ ಅರಬ್ಬಿಗೂ ಮನೆಮಾತಿಗೂ ಇರುವ ದೂರ ಎದುರಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ರೇಷ್ಮೆಯೂರು ಶಿಡ್ಲಘಟ್ಟದಲ್ಲೂ ಇದೇ ಪಾಡು: ಶಾಲೆ, ಕಚೇರಿಯಲ್ಲಿ ಕನ್ನಡ, ಎಷ್ಟೋ ಮನೆಗಳಲ್ಲಿ ತೆಲುಗು, ಮತ್ತೆ ಕೆಲವು ಮನೆಗಳಲ್ಲಿ ಉರ್ದು. ಮಾತು ಬದಲಿಸಿದರಷ್ಟೇ ಸಾಲದು, ಕೆಲಸವೂ ಊರಿನದೇ ಆಗಬೇಕು. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದ ಕೈ ಈಗ ತಡವರಿಸುತ್ತಿದೆಯೇ, ಹುಳುವಿಗೆ ಸೊಪ್ಪು ಹಾಕುವ ಹೊತ್ತು ಮರೆಯುತ್ತಿದೆಯೇ ಎಂದು ಕೇಳಿದರೆ ಮನೆಯವರಿಗೆ ಉತ್ತರ ಹೊಳೆಯುತ್ತದೆ. ಮೊದಲ ಸುಳಿವು ಮರೆವೇ ಆಗಬೇಕೆಂದಿಲ್ಲ. ಹಠ, ಮೌನ, ಹೊಸದಾಗಿ ಬರುವ ಮೂರ್ಛೆಯೂ ಆಗಬಹುದು. ಥೈರಾಯ್ಡ್ ಕೊರತೆ, ಕಣ್ಣಿನ ಪೊರೆ, ಕಿವುಡು, ಖಿನ್ನತೆಯೂ ಇದೇ ವೇಷ ಹಾಕುತ್ತವೆ. ಚಿಕಿತ್ಸೆಯಿಂದ ಸುಧಾರಿಸುವ ಇವನ್ನು ಮೊದಲು ನೋಡದೆ ಡಿಮೆನ್ಷಿಯಾ ಎಂದು ಬರೆದುಬಿಡುವುದು ದೊಡ್ಡ ತಪ್ಪು.

ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಡಿಮೆನ್ಷಿಯಾ ಅದರ ವ್ಯಾಪ್ತಿಯಲ್ಲಿದೆ. ಆದರೆ ಪ್ರಶ್ನಾವಳಿ ಎಷ್ಟೇ ಚೆನ್ನಾಗಿದ್ದರೂ ಉತ್ತರಿಸುವವರು ಬೇಕಲ್ಲ! ಐವತ್ತರ ಮಗನನ್ನು ಆಸ್ಪತ್ರೆಗೆ ಕರೆತರುವ ಹೊತ್ತಿಗೆ ಎಷ್ಟೋ ಸಲ ತಾಯಿ ಬದುಕಿರುವುದಿಲ್ಲ. ಅತ್ತಿಗೆಗೋ ತಮ್ಮನ ಮಗನಿಗೋ ಅವನ ಹಿಂದಿನ ಚುರುಕು ಗೊತ್ತಿರುವುದಿಲ್ಲ. ಆದ್ದರಿಂದ ನಲವತ್ತು ತುಂಬುವ ಮೊದಲೇ, ತಾಯಿ ಇರುವಾಗಲೇ, ಏನೇನು ಮಾಡಬಲ್ಲ ಎಂಬುದನ್ನು ಬರೆದಿಡಬೇಕು. ಗೂಡು ಬಿಡಿಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರೂ ಆದೀತು.