ಸದರ್ನ್ ಬರ್ಡ್‌ವಿಂಗ್

ಕರ್ನಾಟಕದ ರಾಜ್ಯ ಚಿಟ್ಟೆ. ವೈಜ್ಞಾನಿಕ ಹೆಸರು ಟ್ರಾಯ್ಡಿಸ್ ಮೈನೋಸ್. ಡಚ್ ಕೀಟತಜ್ಞ ಪೀಟರ್ ಕ್ರಾಮರ್ ಬರೆದ ಇದರ ಮೊದಲ ವರ್ಣನೆ 1779ರಲ್ಲಿ ಪ್ರಕಟವಾಯಿತು. ಭಾರತ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದಿಲ್ಲ. ಪಶ್ಚಿಮಘಟ್ಟದ ಮಳೆಕಾಡು ಇದರ ಮುಖ್ಯ ನೆಲೆ. ಬರ್ಡ್‌ವಿಂಗ್ ಬಳಗದ ಹೆಚ್ಚಿನ ಚಿಟ್ಟೆಗಳು ಆಗ್ನೇಯ ಏಷ್ಯಾ ಮತ್ತು ನ್ಯೂಗಿನಿಯ ದ್ವೀಪಗಳಲ್ಲಿವೆ. 1859ರಲ್ಲಿ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವಾಲೆಸ್ ಇಂಡೊನೇಷ್ಯಾದ ಬಾಚಾನ್ ದ್ವೀಪದಲ್ಲಿ ಹಿಡಿದ ಹೊಂಬಣ್ಣದ ಬರ್ಡ್‌ವಿಂಗ್ ಉತ್ತರ ಮಲುಕು ದ್ವೀಪಗಳಿಗೇ ಸೀಮಿತ. ನಮ್ಮ ಚಿಟ್ಟೆಗೆ ಸುತ್ತ ಕಡಲಿಲ್ಲದಿದ್ದರೂ, ಒಣಬಯಲಿನ ಅಂಚಿಗೆ ನಿಂತ ಸಹ್ಯಾದ್ರಿಯೇ ದ್ವೀಪದಂತೆ ಒದಗಿದೆ.

ರೆಕ್ಕೆಯ ಹರವು 140ರಿಂದ 190 ಮಿ.ಮೀ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಅಚ್ಚ ಹಳದಿ, ಎದೆಯ ಬಳಿ ಕೆಂಪು. ಗಂಡಿನ ಹಳದಿಗೆ ಕಪ್ಪು ಅಂಚಷ್ಟೇ. ಹೆಣ್ಣಿನಲ್ಲಿ ಅದರ ಒಳಗೆ ದಪ್ಪ ಕಪ್ಪು ಚುಕ್ಕೆಗಳ ಸಾಲೂ ಉಂಟು. ಕನ್ನಡ ಬಾವುಟದ ಹಳದಿ-ಕೆಂಪು ಎರಡೂ ಇದ್ದದ್ದು 2016ರಲ್ಲಿ ಇದು ರಾಜ್ಯ ಚಿಟ್ಟೆಯಾಗಿ ಆಯ್ಕೆಯಾಗಲು ಒಂದು ಕಾರಣ. ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಬಿರುದು ಮಾತ್ರ ಕೈತಪ್ಪಿದೆ: 1932ರಿಂದ ಉಳಿದಿದ್ದ 190 ಮಿ.ಮೀ. ದಾಖಲೆಯನ್ನು ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿ.ಮೀ. ಅಳತೆಯಿಂದ ಮುರಿದದ್ದು 2020ರಲ್ಲಿ ಪ್ರಕಟವಾಯಿತು.

ಹಾರಾಟ ಮರಗಳ ನೆತ್ತಿಯ ಮೇಲೆ, ಅವಸರವಿಲ್ಲದೆ. ಮಕರಂದಕ್ಕಾಗಿ ಲಂಟಾನ, ಕೇಪಳದಂಥ ಹೂಗಳಿಗೆ ಇಳಿಯುತ್ತದೆ. ಹೂವಿನ ಮೇಲೆ ಕುಳಿತಾಗಲೂ ಮುಂದಿನ ರೆಕ್ಕೆ ಪಟಪಟಿಸುತ್ತಲೇ ಇರುತ್ತದೆ. ಹೆಣ್ಣು ಮೊಟ್ಟೆಗೆ ಆರಿಸುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳನ್ನಷ್ಟೇ. ಮುಂಗಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡಿ, ಒಪ್ಪಿದರೆ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಮೈತುಂಬ ಮೆತ್ತನೆಯ ಮುಳ್ಳುಗಳ ಕಡುಗೆಂಪು ಮರಿಹುಳು ಎಲೆಯ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಹುಳುವನ್ನೂ ಚಿಟ್ಟೆಯನ್ನೂ ಬಿಟ್ಟುಬಿಡುತ್ತವೆ. ಅದೇ ವಿಷ, ಅರಿಸ್ಟೊಲೋಕಿಕ್ ಆಮ್ಲ, ಮನುಷ್ಯನ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ನಾಟಿ ಮದ್ದೆಂದು ಈಶ್ವರಿ ಬೇರನ್ನು ಅರೆದು ಕುಡಿಯುವವರು ಇದನ್ನು ತಿಳಿದಿರಬೇಕು.

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೊಣಕೆರೆಯಂಥ ಒಣಸೀಮೆ ಬರ್ಡ್‌ವಿಂಗ್‌ನ ಸಹಜ ನೆಲೆಯಲ್ಲ. ಆದರೆ ಇದರ ನೆಂಟರಾದ ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್ ಚಿಟ್ಟೆಗಳು ಬಯಲುಸೀಮೆಯಲ್ಲೂ ಇದೇ ಈಶ್ವರಿ ಬಳ್ಳಿಯ ಮೇಲೆ ಬೆಳೆಯುತ್ತವೆ.

ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಈ ಚಿಟ್ಟೆಯಿದೆ. ಬಳ್ಳಿಗೆ ಅಂಥ ಕಾವಲಿಲ್ಲ. ಬೇಲಿ ಸವರುವಾಗ ಈಶ್ವರಿ ಬಳ್ಳಿ ಕಂಡರೆ ಬುಡ ಕೀಳದೆ ಬಿಡಿ.