ಮೆಡಿಕೈಡ್ ಲಾಕ್-ಇನ್ ವ್ಯವಸ್ಥೆ

ಅಮೆರಿಕದಲ್ಲಿ ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ಯೋಜನೆಯೇ ಮೆಡಿಕೈಡ್. ಇದರಲ್ಲಿ ವೈದ್ಯಕೀಯ ಸೇವೆಯನ್ನು ಅಗತ್ಯ ಮೀರಿ ಬಳಸುವ ಫಲಾನುಭವಿಗಳನ್ನು ನಿಗದಿತ ಅವಧಿಯವರೆಗೆ ಗೊತ್ತುಪಡಿಸಿದ ವೈದ್ಯರು ಇಲ್ಲವೆ ಔಷಧ ಅಂಗಡಿಗೆ ಸೀಮಿತಗೊಳಿಸುವ ಕ್ರಮಕ್ಕೆ ಲಾಕ್-ಇನ್ ಎಂದು ಹೆಸರು. ಇದರಿಂದ ಸದಸ್ಯತ್ವ ರದ್ದಾಗುವುದಿಲ್ಲ. ಚಿಕಿತ್ಸೆ ಪಡೆಯುವ ದಾರಿ ಮಾತ್ರ ಕಿರಿದಾಗುತ್ತದೆ.

ಹಿನ್ನೆಲೆ

ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದ ಕಾನೂನಿನಿಂದ ಮುಖ್ಯವಾಗಿ ಹಿರಿಯರಿಗಾಗಿ ಇರುವ ಮೆಡಿಕೇರ್ ಮತ್ತು ಮೆಡಿಕೈಡ್ ಒಟ್ಟಿಗೆ ಹುಟ್ಟಿದವು. ಮೆಡಿಕೈಡ್‌ನ ಆಡಳಿತ ರಾಜ್ಯಗಳದು. ವೆಚ್ಚವನ್ನು ರಾಜ್ಯಗಳೂ ಒಕ್ಕೂಟ ಸರ್ಕಾರವೂ ಹಂಚಿಕೊಳ್ಳುತ್ತವೆ. ಯೋಜನೆಗೆ ಸೇರಿದ ಯಾವ ವೈದ್ಯರ ಬಳಿಯಾದರೂ ಹೋಗುವ ಹಕ್ಕನ್ನು 1967ರ ತಿದ್ದುಪಡಿ ಫಲಾನುಭವಿಗಳಿಗೆ ಕೊಟ್ಟಿತು. ಉಳ್ಳವರಂತೆ ಬಡವರೂ ತಮ್ಮ ವೈದ್ಯರನ್ನು ತಾವೇ ಆರಿಸಿಕೊಳ್ಳಲು ಇದರಿಂದ ಸಾಧ್ಯವಾಯಿತು.

ಆದರೆ ಒಬ್ಬ ವೈದ್ಯರು ಬರೆದುಕೊಟ್ಟ ಔಷಧ ಇನ್ನೊಬ್ಬರಿಗೆ ತಿಳಿಯುವ ಏರ್ಪಾಡು ಆಗ ಇರಲಿಲ್ಲ. ಎಲ್ಲರ ಬಿಲ್ಲುಗಳೂ ಬಂದು ಸೇರುತ್ತಿದ್ದುದು ಹಣ ಪಾವತಿಸುವ ಸರ್ಕಾರಿ ಕಚೇರಿಗೆ. ಹಾಗಾಗಿ ಅತಿಬಳಕೆ ಮೊದಲು ಕಣ್ಣಿಗೆ ಬಿದ್ದದ್ದು ಅಲ್ಲಿಯೇ. 1970ರ ದಶಕದಲ್ಲಿ ಮಿಸ್ಸೂರಿಯೂ ಸೇರಿ ಕೆಲವು ರಾಜ್ಯಗಳು ಲಾಕ್-ಇನ್ ಜಾರಿಗೆ ತಂದವು.

1981ರ ಕಾನೂನು

ರೊನಾಲ್ಡ್ ರೇಗನ್ ಆಡಳಿತದ 1981ರ ಬಜೆಟ್ ಕಾನೂನು ಈ ಕ್ರಮಕ್ಕೆ ಸ್ಪಷ್ಟ ಆಧಾರವನ್ನೂ ಮಿತಿಗಳನ್ನೂ ಒದಗಿಸಿತು. ನಿರ್ಬಂಧಕ್ಕೆ ಮೊದಲು ನೋಟಿಸ್ ಕೊಡಬೇಕು, ಅಹವಾಲು ಹೇಳಿಕೊಳ್ಳಲು ಅವಕಾಶವಿರಬೇಕು. ಅವಧಿ ನ್ಯಾಯಸಮ್ಮತವಾಗಿರಬೇಕು. ಸದಸ್ಯರ ಊರು ಮತ್ತು ಪ್ರಯಾಣದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡು, ಗುಣಮಟ್ಟದ ಸೇವೆ ಕೈಗೆಟುಕುವಂತೆ ನೋಡಿಕೊಳ್ಳಬೇಕು. ತುರ್ತು ಚಿಕಿತ್ಸೆಗೆ ನಿರ್ಬಂಧ ಅನ್ವಯಿಸುವುದಿಲ್ಲ. ಎಷ್ಟಾದರೆ ಅತಿಬಳಕೆ ಎಂಬುದನ್ನು ರಾಜ್ಯಗಳ ತೀರ್ಮಾನಕ್ಕೆ ಬಿಟ್ಟದ್ದರಿಂದ ಮಾನದಂಡಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದವು.

ಓಪಿಯಾಯ್ಡ್ ಹಾವಳಿ

1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ (ಅಫೀಮು ಬಗೆಯ) ನೋವುನಿವಾರಕ ಮಾರುಕಟ್ಟೆಗೆ ಬಂತು. ನಂತರದ ವರ್ಷಗಳಲ್ಲಿ ಇಂಥ ನೋವುನಿವಾರಕಗಳ ಚಟ ಮತ್ತು ಅವುಗಳಿಂದಾಗುವ ಸಾವು ಹೆಚ್ಚುತ್ತ ಹೋದಂತೆ, ವೆಚ್ಚ ತಗ್ಗಿಸುವ ಉಪಾಯವಾಗಿದ್ದ ಲಾಕ್-ಇನ್‌ಗೆ ಜೀವ ಉಳಿಸುವ ಹೊಣೆಯೂ ಬಂತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2009ರಲ್ಲಿ ಐದು ರಾಜ್ಯಗಳ ದಾಖಲೆ ಪರಿಶೀಲಿಸಿ ವರದಿ ನೀಡಿತು. ಅದರ ಪ್ರಕಾರ ಆ ರಾಜ್ಯಗಳಲ್ಲಿ 2006 ಮತ್ತು 2007ರ ಹಣಕಾಸು ವರ್ಷಗಳಲ್ಲಿ ಸುಮಾರು 65,000 ಫಲಾನುಭವಿಗಳು ಒಂದೇ ಬಗೆಯ ನಿಯಂತ್ರಿತ ಔಷಧಕ್ಕಾಗಿ ಆರು ಅಥವಾ ಹೆಚ್ಚು ವೈದ್ಯರ ಬಳಿ ಹೋಗಿದ್ದರು. ಈ ಔಷಧಗಳಿಗೆ ಮೆಡಿಕೈಡ್ ತೆತ್ತದ್ದು ಸುಮಾರು 6.3 ಕೋಟಿ ಡಾಲರ್. ನಾರ್ತ್ ಕ್ಯಾರೊಲೈನಾ 2010ರಲ್ಲಿ ತನ್ನ ಲಾಕ್-ಇನ್ ಆರಂಭಿಸಿತು.

ಮೆಡಿಕೇರ್‌ಗೆ ವಿಸ್ತರಣೆ

ಮುಖ್ಯವಾಗಿ 65 ವರ್ಷ ದಾಟಿದವರಿಗಾಗಿ ಇರುವ ಮೆಡಿಕೇರ್‌ನ ಔಷಧ ವಿಮೆಗೂ ಇಂಥದೇ ಅಧಿಕಾರವನ್ನು 2016ರ ಕಾನೂನು ಕೊಟ್ಟಿತು. ಅದು 2019ರಲ್ಲಿ ಜಾರಿಗೆ ಬಂತು. ವಿಮಾ ಯೋಜನೆಗಳ ಇಚ್ಛೆಗೆ ಬಿಟ್ಟಿದ್ದ ಈ ಕ್ರಮವನ್ನು 2018ರ ಮತ್ತೊಂದು ಕಾನೂನು 2022ರಿಂದ ಕಡ್ಡಾಯ ಮಾಡಿತು. ಕ್ಯಾನ್ಸರ್ ನೋವಿಗೆ ಚಿಕಿತ್ಸೆ ಪಡೆಯುತ್ತಿರುವವರು ಮತ್ತು ಜೀವಿತದ ಕೊನೆಯ ಹಂತದ ಆರೈಕೆಯಲ್ಲಿರುವವರಿಗೆ ವಿನಾಯಿತಿ ಇದೆ.

ಪರಿಣಾಮ ಮತ್ತು ವಿಮರ್ಶೆ

ಲಾಕ್-ಇನ್‌ನಿಂದ ಸರ್ಕಾರ ಪಾವತಿಸುವ ಔಷಧಗಳ ಪ್ರಮಾಣ ತಗ್ಗುತ್ತದೆ. ಆದರೆ ನಾರ್ತ್ ಕ್ಯಾರೊಲೈನಾದ ಫಲಾನುಭವಿಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು: ನಿರ್ಬಂಧಕ್ಕೆ ಒಳಗಾದ ಮೇಲೆ ಕೈಯಿಂದ ಹಣ ಕೊಟ್ಟು ನಿಯಂತ್ರಿತ ಔಷಧ ಕೊಳ್ಳುವುದು ಹೆಚ್ಚಿತ್ತು. ಇಂಥ ಖರೀದಿ ಮೆಡಿಕೈಡ್‌ನ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಭೇಟಿಗಳ ಸಂಖ್ಯೆಯೊಂದರಿಂದಲೇ ಭೇಟಿಯ ಕಾರಣ ತಿಳಿಯುವುದಿಲ್ಲ. ಹಲವು ಕಾಯಿಲೆಗಳಿಂದ ನರಳುವವರು ಹಲವು ತಜ್ಞರನ್ನು ಕಾಣಲೇಬೇಕು. ಚಟಕ್ಕೆ ಬಿದ್ದವರಿಗೆ ಬೇಕಾದದ್ದು ಚಟ ಬಿಡಿಸುವ ಚಿಕಿತ್ಸೆ. ವಾಷಿಂಗ್ಟನ್ ರಾಜ್ಯ ತನ್ನ ಯೋಜನೆಯ ಹೆಸರಿನಲ್ಲಿದ್ದ ‘ನಿರ್ಬಂಧ’ವನ್ನು ಕೈಬಿಟ್ಟು ‘ಸಮನ್ವಯ’ವನ್ನು ಸೇರಿಸಿಕೊಂಡಿತು. ಗೊತ್ತುಪಡಿಸಿದ ಒಬ್ಬ ವೈದ್ಯರು ರೋಗಿಯ ಪೂರ್ತಿ ಕಥೆ ಕೇಳಿ ಆರೈಕೆಯ ಹೊಣೆ ಹೊತ್ತರೆ ಲಾಕ್-ಇನ್ ಚಿಕಿತ್ಸೆಯ ಭಾಗವಾಗುತ್ತದೆ. ಆ ಹೊಣೆಯನ್ನು ಯಾರೂ ಹೊರದಿದ್ದರೆ ಅದು ಬಡವರ ಹಕ್ಕಿನ ಮೊಟಕು ಮಾತ್ರ. ಸರ್ಕಾರಕ್ಕೆ ಉಳಿದ ಹಣ ಆ ನಷ್ಟವನ್ನು ತುಂಬಿಕೊಡಲಾರದು.