ಬ್ರಹ್ಮಗಿರಿಯ ಬಂಡೆಯೂ ನೀತಿಯ ಮೂಲವೂ

ನೀತಿಯು ಮತವನ್ನಾಶ್ರಯಿಸಿಯೇ ಬದುಕತಕ್ಕದ್ದೋ, ಅಥವಾ ಸ್ವತಂತ್ರವಾಗಿ ನಿಲ್ಲಬಲ್ಲದೋ ಎಂಬ ಪ್ರಶ್ನೆಯು ವಿದ್ಯಾವಂತರ ಮನೆಗಳಲ್ಲಿ ಪುನಃ ಪುನಃ ಏಳುತ್ತಿರುವುದು. ದೇವರ ಭಯವಿಲ್ಲದವನು ಸುಳ್ಳಾಡದೆ ಏಕಿರಬೇಕೆಂದು ಹಿರಿಯರು ಕೇಳುತ್ತಾರೆ. ಪೂಜೆ ಪುನಸ್ಕಾರಗಳನ್ನು ತಪ್ಪದೆ ನಡೆಸುವವರಲ್ಲಿಯೂ ತೂಕದಲ್ಲಿ ಮೋಸಮಾಡುವವರಿಲ್ಲವೇ ಎಂದು ಕಿರಿಯರು ಮಾರುತ್ತರ ಕೊಡುತ್ತಾರೆ. ವಾದವು ಅಲ್ಲಿಗೇ ನಿಂತುಹೋಗುತ್ತದೆ.

ಈ ತೊಡಕಿಗೆ ನಮ್ಮ ನುಡಿಯೂ ಸ್ವಲ್ಪಮಟ್ಟಿಗೆ ಕಾರಣವಾಗಿದೆ. ‘ಧರ್ಮ’ವೆಂಬ ಒಂದೇ ಶಬ್ದವು ನಮ್ಮಲ್ಲಿ ಮತವನ್ನೂ, ಕರ್ತವ್ಯವನ್ನೂ, ದಾನವನ್ನೂ, ಸದಾಚಾರವನ್ನೂ ಹೇಳುತ್ತದೆ. ಆದುದರಿಂದ ಇಲ್ಲಿ ದೇವತೆ, ಪರಲೋಕ, ಗುರುಪರಂಪರೆ ಇವುಗಳಲ್ಲಿಡುವ ಶ್ರದ್ಧೆಯನ್ನು ಮತವೆಂದೂ, ಇತರ ಜೀವಿಗಳೊಡನೆ ನಡೆದುಕೊಳ್ಳತಕ್ಕ ಸರಿಯಾದ ರೀತಿಯನ್ನು ನೀತಿಯೆಂದೂ ಕರೆಯೋಣ. ಬರಿಯ ತರ್ಕದಿಂದ ತೀರದ ಈ ವಿವಾದದಲ್ಲಿ ಚರಿತ್ರೆಯ ಸಾಕ್ಷ್ಯವನ್ನು ಕೇಳುವುದು ಯುಕ್ತ. ಅಂತಹ ಸಾಕ್ಷ್ಯವೊಂದು ನಮ್ಮ ನಾಡಿನ ಬಂಡೆಯ ಮೇಲೆಯೇ ಇದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದರು. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ತಿಳಿಯಪಡಿಸಿದ ರಾಜಾಜ್ಞೆ. ಲಿಪಿಕಾರನಾದ ಚಪಡನು ತನ್ನ ಕಸುಬಿನ ಹೆಸರನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿರುವುದರಿಂದ, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಈ ಪ್ರಾಂತ್ಯಕ್ಕೆ ಎಷ್ಟು ದೂರದ ಸಂಪರ್ಕವಿದ್ದಿತೆಂಬುದು ವ್ಯಕ್ತವಾಗುತ್ತದೆ.

ಈ ಶಾಸನದಲ್ಲಿ ಎರಡು ಭಾಗಗಳಿವೆ. ಮೊದಲನೆಯ ಭಾಗದಲ್ಲಿ ಅರಸನು ತನ್ನ ಮತದ ವಿಷಯವನ್ನು ಹೇಳುತ್ತಾನೆ. ತಾನು ಎರಡೂವರೆ ವರ್ಷಗಳಿಗೂ ಮೇಲ್ಪಟ್ಟು ಉಪಾಸಕನಾಗಿರುವುದನ್ನೂ, ಮೊದಲು ಅಷ್ಟಾಗಿ ಶ್ರಮಿಸದೆ, ಸಂಘವನ್ನು ಸೇರಿದ ಮೇಲೆ ಹೆಚ್ಚಾಗಿ ಶ್ರಮಿಸಿದುದನ್ನೂ ತಿಳಿಸಿ, ಅಲ್ಪನಾದವನೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಹುದೆನ್ನುತ್ತಾನೆ. ಎರಡನೆಯ ಭಾಗದ ಧಾಟಿಯೇ ಬೇರೆ. ತಾಯಿತಂದೆಗಳ ಮತ್ತು ಗುರುಹಿರಿಯರ ಶುಶ್ರೂಷೆ, ಪ್ರಾಣಿಗಳಲ್ಲಿ ದೃಢವಾದ ದಯೆ, ಸತ್ಯವಚನ, ಆಚಾರ್ಯನಲ್ಲಿ ಶಿಷ್ಯನ ಗೌರವ, ಬಂಧುಗಳಲ್ಲಿ ಯಥೋಚಿತವಾದ ನಡತೆ, ಇಷ್ಟೇ ಅಲ್ಲಿನ ಉಪದೇಶ. ಇಲ್ಲಿ ಬುದ್ಧನ ಹೆಸರಿಲ್ಲ, ಸಂಘದ ಪ್ರಸ್ತಾಪವಿಲ್ಲ, ಸ್ವರ್ಗದ ಮಾತೂ ಇಲ್ಲ. ಹೀಗೇಕೆ ನಡೆಯಬೇಕೆಂಬುದಕ್ಕೆ ಕೊಟ್ಟಿರುವ ಕಾರಣಗಳು ಎರಡು: ಇದು ಪುರಾತನವಾದ ಪ್ರಕೃತಿ, ಮತ್ತು ಇದು ದೀರ್ಘಾಯುಷ್ಯಕ್ಕೆ ಸಾಧನ.

‘ಪೋರಾಣಾ ಪಕಿತಿ’ ಎಂಬ ಆ ಪ್ರಾಕೃತಪದಗಳು ಚಿಂತನಾರ್ಹವಾಗಿವೆ. ಹೊಸದಾಗಿ ಬೌದ್ಧಮತವನ್ನು ಹಿಡಿದ ಸಾರ್ವಭೌಮನು ಆ ಮತದಿಂದಲೇ ಸತ್ಯವೂ ದಯೆಯೂ ಹುಟ್ಟಿದುವೆಂದು ಹೇಳಿಕೊಳ್ಳಲಿಲ್ಲ. ಅವು ತನ್ನ ದೀಕ್ಷೆಗಿಂತ ಹಳೆಯವೆಂದು ಒಪ್ಪಿದನು. ಇದೇ ಉಪದೇಶವು ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯಲ್ಲಿಯೂ ಇದೆ. ಅಲ್ಲಿ ಈ ನೀತಿಯನ್ನು ಶಿಷ್ಯರಿಗೆ ಕಲಿಸುವ ಹೊಣೆಯು ಮಾವುತರಿಗೂ, ಕರಣಿಕರಿಗೂ, ಬ್ರಾಹ್ಮಣರಿಗೂ ವಿಧಿಸಲ್ಪಟ್ಟಿದೆ. ಬೌದ್ಧನಾದ ಅರಸನು ವೈದಿಕರಾದ ಉಪಾಧ್ಯಾಯರಿಂದ ಒಂದೇ ನೀತಿಯನ್ನು ಬೋಧಿಸಲಿಚ್ಛಿಸಿದನೆಂದರೆ, ಆ ನೀತಿಯು ಇಬ್ಬರಿಗೂ ಸಮಾನವಾದ ಸ್ವತ್ತೆಂದು ಅವನು ತಿಳಿದಿರಲೇಬೇಕು.

ಅವನ 12ನೆಯ ಶಿಲಾಶಾಸನವು ಈ ಭಾವನೆಯನ್ನೇ ಮುಂದುವರಿಸುತ್ತದೆ. ಸರ್ವಪಾಷಂಡಗಳ, ಎಂದರೆ ಎಲ್ಲ ಪಂಥಗಳ, ಸಾರವು ವೃದ್ಧಿಯಾಗಬೇಕು. ಅದಕ್ಕೆ ಮೂಲವು ವಾಕ್ಸಂಯಮ. ತನ್ನ ಪಂಥದ ಮೇಲಣ ಭಕ್ತಿಯಿಂದ ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಹೆಚ್ಚಿನ ಹಾನಿಯನ್ನು ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಈ ಶಾಸನದ ಭಾಗವು ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ದೊರೆಯಿತು. ಪಂಥಗಳು ಒಂದನ್ನೊಂದು ಹೇಗೆ ಕಾಣಬೇಕೆಂದು ವಿಧಿಸುವ ನಿಯಮವು ಯಾವುದಾದರೊಂದು ಪಂಥಕ್ಕೇ ಸೇರಿದುದಾಗಿದ್ದರೆ, ಉಳಿದವರು ಅದಕ್ಕೇಕೆ ತಲೆಬಾಗಬೇಕು? ವ್ಯಾಜ್ಯವಾಡುವ ಇಬ್ಬರಲ್ಲೊಬ್ಬನ ಮನೆಯ ತಕ್ಕಡಿಯು ಇಬ್ಬರಿಗೂ ಪ್ರಮಾಣವಾಗಲಾರದು.

ನಮ್ಮ ಶಾಸ್ತ್ರಗಳೂ ಈ ವಿಷಯದಲ್ಲಿ ನಾವೆಣಿಸುವಷ್ಟು ಏಕಮುಖವಾಗಿಲ್ಲ. ಕುಮಾರಿಲಭಟ್ಟನು ಜಗತ್ಕರ್ತನಾದ ಈಶ್ವರನನ್ನು ಒಪ್ಪದೆಯೇ ವೇದೋಕ್ತಧರ್ಮವನ್ನು ಸಮರ್ಥಿಸಿದನು. ಜಗತ್ಕರ್ತನನ್ನು ಒಪ್ಪದ ಜೈನರು ಅಹಿಂಸೆಯನ್ನು ಪರಮಾವಧಿಗೆ ಒಯ್ದರು. ಮನುಸ್ಮೃತಿಯು ಧರ್ಮಕ್ಕೆ ವೇದಸ್ಮೃತಿಗಳೊಡನೆ ಸಜ್ಜನರ ಆಚಾರವನ್ನೂ, ತನ್ನ ಆತ್ಮಕ್ಕೆ ತೃಪ್ತಿಕರವಾದುದನ್ನೂ ಪ್ರಮಾಣಗಳಾಗಿ ಎಣಿಸಿದೆ. ಈಶ್ವರನನ್ನು ಒಪ್ಪದವನಿಗೆ ನೀತಿಯೇ ಇರಲಾರದೆಂಬ ಮಾತು ಇಂತು ನಮ್ಮ ಪರಂಪರೆಯೊಳಗೇ ನಿಲ್ಲುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಅಶೋಕನು ಸ್ವತಃ ಶ್ರದ್ಧಾಳು. ಅವನ ಅನೇಕ ಶಾಸನಗಳು ಧರ್ಮಾಚರಣೆಗೆ ಪರಲೋಕದ ಫಲವನ್ನು ಹೇಳುತ್ತವೆ. ಹಾಗಿರುವಲ್ಲಿ ಅವನ ನೀತಿಯು ಮತಮೂಲವಲ್ಲವೆನ್ನುವುದು ಹೇಗೆ? ಉತ್ತರವನ್ನು 13ನೆಯ ಶಿಲಾಶಾಸನದಲ್ಲಿ ಹುಡುಕಬೇಕು. ಪಟ್ಟಾಭಿಷಿಕ್ತನಾದ 8 ವರ್ಷಗಳ ಮೇಲೆ ಅವನು ಕಲಿಂಗವನ್ನು ಗೆದ್ದನು. ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು, ಒಂದು ಲಕ್ಷ ಜನರು ಹತರಾದರು, ಅದಕ್ಕೆ ಎಷ್ಟೋ ಮಡಿ ಜನರು ಸತ್ತರು ಎಂದು ಅವನೇ ಬರೆಯಿಸಿದ್ದಾನೆ. ಆ ಪಶ್ಚಾತ್ತಾಪಕ್ಕೆ ಅವನು ಹೇಳುವ ಕಾರಣವು ನರಕಭಯವಲ್ಲ, ಜನರ ಸಂಕಟ. ಮಾತಾಪಿತೃಗಳನ್ನು ಸೇವಿಸಿಕೊಂಡು ನೆಮ್ಮದಿಯಾಗಿದ್ದ ಎಲ್ಲ ಪಂಥಗಳ ಗೃಹಸ್ಥರು ನೊಂದರೆಂಬುದು, ನೋಯದವರೂ ತಮ್ಮ ಮಿತ್ರರಿಗಾಗಿ ನೊಂದರೆಂಬುದು. ಧರ್ಮದಲ್ಲಿ ಅವನ ತೀವ್ರವಾದ ಆಸಕ್ತಿಯು ಕಲಿಂಗವಿಜಯದ ಅನಂತರ ಬಂದುದೆಂದೂ ಅದೇ ಶಾಸನವು ಹೇಳುತ್ತದೆ. ಪರರ ನೋವನ್ನು ಕಂಡು ಕರಗಿದ ಮನಸ್ಸಿಗೆ ಮತವು ಆಶ್ರಯವನ್ನೂ ಸ್ಥೈರ್ಯವನ್ನೂ ಕೊಟ್ಟಿತು.

ಹಾಗೆಂದು ಅವನ ನೀತಿಯು ನಿರ್ದೋಷವಾಗಿತ್ತೆನ್ನಲಾಗದು. ಅದೇ ಶಾಸನದಲ್ಲಿ ಅಟವೀಜನರಿಗೆ ತನ್ನ ದಂಡಶಕ್ತಿಯನ್ನು ನೆನಪಿಸಲು ಅವನು ಮರೆಯಲಿಲ್ಲ. ಮರಣದಂಡನೆಗೆ ಗುರಿಯಾದವರಿಗೆ 3 ದಿನಗಳ ಅವಧಿಯನ್ನು ಕೊಟ್ಟನೇ ಹೊರತು ಆ ದಂಡನೆಯನ್ನು ತೆಗೆದುಹಾಕಲಿಲ್ಲ. ಆದರೂ ತನ್ನ 7ನೆಯ ಸ್ತಂಭಶಾಸನದಲ್ಲಿ, ಕಟ್ಟಳೆಗಳಿಂದ ಸಾಧಿತವಾದುದು ಸ್ವಲ್ಪವೆಂದೂ, ಜನರು ತಾವಾಗಿ ಮನಗಾಣುವುದರಿಂದ ಸಾಧಿತವಾದುದೇ ಹೆಚ್ಚೆಂದೂ ಪ್ರಾಮಾಣಿಕವಾಗಿ ಹೇಳಿದನು.

ಇದರಿಂದ ನಮ್ಮ ಮನೆಗಳಿಗೆ ಒದಗುವ ಪಾಠವು ಸಣ್ಣದಲ್ಲ. ಮತವು ನೀತಿಗೆ ಜನನಿಯಲ್ಲ, ದಾದಿ. ಒಳ್ಳೆಯ ದಾದಿಯ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ದೇವರು ಕಣ್ಣು ಕೀಳುವನೆಂಬ ಹೆದರಿಕೆಯೊಂದನ್ನೇ ಸತ್ಯಕ್ಕೆ ಆಧಾರವಾಗಿ ಮಕ್ಕಳಿಗೆ ಕೊಟ್ಟರೆ, ಮುಂದೆ ಆ ಹೆದರಿಕೆಯು ಹೋದ ದಿನ ಸತ್ಯವೂ ಹೋಗುವ ಅಪಾಯವಿದೆ. ನಾಲ್ಕು ದಶಕಗಳ ಕಾಲ ಪಾಠ ಹೇಳಿದವನಿಗೆ ಇದು ಪುಸ್ತಕದ ಮಾತಲ್ಲ. ಸುಳ್ಳಿನಿಂದ ಯಾರಿಗೆ ಕೇಡಾಯಿತೆಂಬುದನ್ನು ಮಗುವಿಗೆ ಮೊದಲು ತೋರಿಸಬೇಕು. ದೇವರ ಕಥೆಯು ಅದಕ್ಕೆ ಬೆಂಬಲವಾಗಿ ಬರಲಿ. ಆಗ ಆ ಮಗುವು ದೊಡ್ಡದಾಗಿ ಶ್ರದ್ಧೆಯನ್ನುಳಿಸಿಕೊಂಡರೂ ಸರಿಯೇ, ಬಿಟ್ಟರೂ ಸರಿಯೇ, ನೆರೆಯವನು ಅದರ ಮಾತನ್ನು ನಂಬಬಹುದು.